ಮೂರನೇ ನಂಬರಿನ ಮಸಿ

ನಮ್ಮ ಕಾಲೇಜಿನ ಸುಬೇದಾರರು ಮಿಲಿಟರಿಯಿಂದ ನಿವೃತ್ತರಾದದ್ದು ಹವಾಲ್ದಾರರಾಗಿ. ಮುಂದಿನ ಬಡ್ತಿಗಳನ್ನೆಲ್ಲ ಕೊಟ್ಟವರು ಊರವರು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಅವರು ಸುಬೇದಾರ್, ಬಡವನಹಳ್ಳಿ ಸಂತೆಯಲ್ಲಿ ಮೇಜರ್, ಪಾವಗಡದ ಕಡೆಯ ಹುಟ್ಟೂರು ಕ್ಯಾತಗಾನಚೆರ್ಲಿನಲ್ಲಿ ಬರೀ 'ಮಿಲ್ಟ್ರಿ'. ಯಾವ ಬಡ್ತಿಯನ್ನೂ ಅವರು ಬೇಡ ಎಂದವರಲ್ಲ. ಜನ ಪ್ರೀತಿಯಿಂದ ಕೊಡುವುದನ್ನು ವಾಪಸ್ ಮಾಡಿದರೆ ಅವರಿಗೆ ಅವಮಾನವಾಗುತ್ತದೆ ಎಂಬುದು ಅವರ ಸಮಜಾಯಿಷಿ. ಹೋದ ತಿಂಗಳು ಅವರು ತೀರಿಕೊಂಡಾಗ ಹುಡುಗರು ಸರ್ಕಲ್ಲಿನಲ್ಲಿ ಕಟ್ಟಿದ ಬ್ಯಾನರಿನ ಮೇಲೆ 'ಕ್ಯಾಪ್ಟನ್' ಎಂದು ಬರೆಸಿದ್ದರು. ಸಂತೆಯಲ್ಲಿ ಆಗಲೇ ಮೇಜರ್ ಆಗಿದ್ದವರಿಗೆ ಇದು ಹಿಂಬಡ್ತಿ. ಬದುಕಿದ್ದರೆ ಖಂಡಿತ ಜಗಳ ತೆಗೆಯುತ್ತಿದ್ದರು.

ನಾನು ಅದೇ ಕಾಲೇಜಿನ ಲೈಬ್ರರಿಯನ್. ಊರು ಕೊರಟಗೆರೆ. ನನ್ನ ಲೈಬ್ರರಿಗೂ ಅವರ ರೈಫಲ್ ರೂಮಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆ ಒಡೆಸಿ ರೂಮನ್ನು ಲೈಬ್ರರಿಗೆ ಸೇರಿಸಿಕೊಡಿ ಎಂದು ನಾನು ಕೆಲಸಕ್ಕೆ ಸೇರಿದ ವರ್ಷದಿಂದ ಪ್ರಿನ್ಸಿಪಾಲರ ತಲೆ ತಿನ್ನುತ್ತಿದ್ದೆ. ನನ್ನ ಪುಸ್ತಕಗಳು ಜಾಗವಿಲ್ಲದೆ ವರಾಂಡದಲ್ಲಿ ಗೋಣಿಚೀಲದ ಮೇಲೆ ಕೂತಿದ್ದವು. ಸುಬೇದಾರರ ನಾಲ್ಕು ರೈಫಲ್‌ಗಳು ಮಾತ್ರ ಒಳ್ಳೆ ಗಾಳಿ ಬೆಳಕಿರುವ ರೂಮಿನಲ್ಲಿ, ಕಬ್ಬಿಣದ ಬೀರುವಿನೊಳಗೆ, ಬಾಣಂತಿಯರ ಹಾಗೆ ಬೆಚ್ಚಗೆ ಮಲಗಿದ್ದವು. ಕೆಡೆಟ್ ಹುಡುಗ ಹುಡುಗಿಯರಿಗೆ ಗುರಿ ಹೊಡೆಯಲು ಕಲಿಸುವ ಸಣ್ಣ ಗುಂಡಿನ ಬಂದೂಕುಗಳು ಅವು. ಕಾಲೇಜಿನ ಹಿಂದೆ ಹಳೇ ಕಲ್ಲುಕ್ವಾರಿಯ ಗುಂಡಿಯೊಂದಿದೆ. ಅಲ್ಲಿ ಅಭ್ಯಾಸ. ಕಲಿಸುವುದು, ಆಮೇಲೆ ಬಂದೂಕುಗಳನ್ನು ಹುಡುಗರ ಕೈಯಲ್ಲಿ ಒರೆಸಿಸಿ ಮಲಗಿಸುವುದು ಸುಬೇದಾರರ ಕೆಲಸ. ಮಿಲಿಟರಿ ಬಿಟ್ಟು ಬಂದ ಮೇಲೆ ಅವರಿಗೆ ಅದು ಬರೀ ಕೆಲಸವಾಗಿರಲಿಲ್ಲ. ಆ ರೂಮು ಹೋದರೆ ಬೆಳಿಗ್ಗೆ ಎದ್ದು ಶೂ ಪಾಲಿಷ್ ಮಾಡುವುದಕ್ಕೆ ಅವರಿಗೆ ಬೇರೆ ಕಾರಣವಿರಲಿಲ್ಲ. ಇದು ನನಗೂ ಗೊತ್ತಿತ್ತು. ಆದರೂ ರೂಮು ನನಗೆ ಬೇಕಿತ್ತು.

ಅವರ ಒಂದು ಖಯಾಲಿ ಹೇಳಬೇಕು. ಲೋಕದಲ್ಲಿ ಕೊಳವೆಯಂಥದ್ದು ಏನು ಕಂಡರೂ ಅವರಿಗೆ ಒಳಗೆ ಇಣುಕಬೇಕು. ಬಂದೂಕಿನ ನಳಿಗೆಯನ್ನು ನೋಡುವ ಕ್ರಮ ಹೀಗೆ: ಗುಂಡು ತುಂಬುವ ಕಡೆಯ ತೂತಿಗೆ ಹೆಬ್ಬೆರಳಿನ ಉಗುರು ಹಿಡಿಯಬೇಕು, ಉಗುರಿನ ಮೇಲೆ ಬಿದ್ದ ಬೆಳಕು ನಳಿಗೆಯೊಳಕ್ಕೆ ಹೋಗುತ್ತದೆ, ಆಗ ಇನ್ನೊಂದು ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಬೇಕು. ಒಳಗೆ ಮಸಿ ಇಲ್ಲದಿದ್ದರೆ ಸುರುಳಿ ಸುರುಳಿಯಾದ ಗೀರುಗಳು ಬೆಳ್ಳಿಯ ಹಾಗೆ ಹೊಳೆಯುತ್ತವೆ. ಇದೇ ಪರೀಕ್ಷೆಯನ್ನು ಅವರು ಕಬ್ಬಿನ ಹಾಲಿನ ಗಾಡಿಯವನ ಪೈಪಿಗೆ, ನನ್ನ ಇಂಕ್ ಪೆನ್ನಿಗೆ, ಫಿಲ್ಟರಿನ ಕ್ಯಾಂಡಲ್ಲಿಗೆ ಎಲ್ಲದಕ್ಕೂ ಮಾಡುತ್ತಿದ್ದರು. ಶಿರಾದಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ವಾಲಗದವರು ಕಾಫಿ ಕುಡಿಯಲು ಎದ್ದಿದ್ದಾಗ ಸುಬೇದಾರರು ನಾಗಸ್ವರವನ್ನು ಎತ್ತಿಕೊಂಡು, ಹೆಬ್ಬೆರಳು ಕೊಟ್ಟು, ಕಿಟಕಿಯ ಕಡೆ ತಿರುಗಿಸಿ ನೋಡಿದರು. ವಾಲಗದವನು ಓಡಿಬಂದ. 'ಇದ್ರೊಳಗೆ ಕಮ್ಮಿ ಅಂದ್ರೂ ಏಳೆಂಟು ಮದುವೆ ಮಸಿ ಐತೆ ಕಣಯ್ಯ, ಅದ್ಕೇ ನಿನ್ ಸ್ವರ ಎಡಕ್ಕೆಳೀತೈತೆ' ಎಂದರು. ವಾಲಗದವನು ಮುಹೂರ್ತದ ತನಕ ಸಿಟ್ಟಿನಲ್ಲೇ ಊದಿದ. ಊದಿದ್ದು ಚೆನ್ನಾಗಿಯೇ ಇತ್ತು.

ಅವರಿಗೆ ನಶ್ಯದ ಚಟ. ಬಿಳಿ ಮೀಸೆಯ ಮಧ್ಯಭಾಗ ಸದಾ ಕಾವಿ ಬಣ್ಣಕ್ಕಿರುತ್ತಿತ್ತು. ಎಷ್ಟೋ ವರ್ಷದ ನಶ್ಯದಿಂದ ಮೂಗು ಪೂರ್ತಿ ಸತ್ತುಹೋಗಿತ್ತು. ಅನ್ನ ಸೀದರೂ ತಿಳಿಯದು, ಪಕ್ಕದಲ್ಲಿ ಮಲ್ಲಿಗೆ ಮಾರಿದರೂ ತಿಳಿಯದು. ಆದರೂ ನಳಿಗೆ ಒರೆಸಿದ ಬಟ್ಟೆಯ ಚೂರನ್ನು ಮೂಗಿಗೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ದೀರ್ಘವಾಗಿ ಮೂಸಿ, 'ನಿನ್ನೆ ಒರ್ಸಿಲ್ಲ' ಎಂದು ತೀರ್ಪು ಕೊಡುವುದನ್ನು ಅವರು ಬಿಡಲಿಲ್ಲ. ಕೆಡೆಟ್‌ಗಳು ಹೆದರಿ ತಪ್ಪೊಪ್ಪಿಕೊಳ್ಳುತ್ತಿದ್ದರು. ಅವರು ಮೂಸಿ ಪತ್ತೆ ಮಾಡುತ್ತಿದ್ದುದು ಮಸಿಯನ್ನಲ್ಲ, ಹುಡುಗರ ಮುಖವನ್ನು ಎಂದು ನನಗೆ ಬಹಳ ದಿನ ತಿಳಿಯಲಿಲ್ಲ.

ಒರೆಸುವ ಬಟ್ಟೆಯ ಚೂರಿಗೆ ಅವರು 'ಚಿಂದಿ' ಎನ್ನುತ್ತಿದ್ದರು. ಅದು ಮೆತ್ತಗಿರಬೇಕು, ನೂಲು ಬಿಡಬಾರದು. ಬಂದೂಕುಗಳನ್ನು ಕೊಟ್ಟಿದ್ದ ತುಮಕೂರಿನ ಕಚೇರಿಯಿಂದ ಬರುವ ಚಿಂದಿ ಸಾಲದು. ಒಂದು ಬೇಸಿಗೆಯಲ್ಲಿ ನನ್ನ ಲೈಬ್ರರಿಯ ಕಿಟಕಿಯ ಪರದೆ ಬೆಳೆಯುವ ಹುಡುಗನ ಪ್ಯಾಂಟಿನ ಹಾಗೆ ದಿನದಿಂದ ದಿನಕ್ಕೆ ಗಿಡ್ಡವಾಗತೊಡಗಿತು. ಇಲಿ ಕಾಟವೆಂದು ಬೋನು ಇಡಿಸಿದೆ. ಇಲಿ ಕತ್ತರಿ ಹಿಡಿದು ನೇರ ಗೆರೆಯಲ್ಲಿ ಕತ್ತರಿಸುವುದಿಲ್ಲ ಎಂದು ಹೊಳೆದ ಮೇಲೆ ಪಕ್ಕದ ರೂಮಿಗೆ ನುಗ್ಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರೂ ಅಂದರು. ಸಂಜೆ ಬೀಗ ಹಾಕುವ ಹೊತ್ತಿಗೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

'ಒರ್ಸಾಕ್ ಬಂದೆ ಮೇಡಮ್ಮೋರೆ. ಮಸಿ ಬಿಸಿಯಾಗಿದ್ದಾಗ್ಲೇ ಒರ್ಸ್‌ಬುಡ್ಬೇಕು. ಇವತ್ತು ಬಟ್ಟೇಲಿ ಹೋಯ್ತದೆ, ನಾಳೆ ಕಲ್ಲಾಯ್ತದೆ.'

ಜಗಳಗಳ ವಿಷಯದಲ್ಲಿ ಅವರ ನಿಯಮ ಅದೇ. ಆಡಿದ ದಿನವೇ ಒರೆಸಬೇಕು. ತಪ್ಪು ಯಾರದೇ ಇರಲಿ, ಸೂರ್ಯ ಮುಳುಗುವುದರೊಳಗೆ ಫ್ಲಾಸ್ಕ್ ಬರುತ್ತಿತ್ತು. ಪರದೆ ಮಾತ್ರ ವಾಪಸ್ ಬರಲಿಲ್ಲ. ಕಾಫಿ ಚೆನ್ನಾಗಿತ್ತಾದ್ದರಿಂದ ನಾನೂ ಸುಮ್ಮನಾದೆ.

ಇನ್ನೊಂದು ಮಾತು ಅವರು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. 'ಕಂಡಿದ್ದು ಹೇಳು, ಅಂದ್ಕಂಡಿದ್ದು ಹೇಳ್ಬೇಡ.' ಹುಡುಗನೊಬ್ಬ ಬಂದು ಸಾರ್ ಗುಂಡು ಬಲಕ್ಕೆ ಹೋಯಿತು ಅಂದರೆ, ಹೋಗಿದ್ದು ಕಂಡೆಯೋ ಅಂದುಕೊಂಡೆಯೋ ಎಂದು ಅಡ್ಡ ಸವಾಲು. ನಾನು ಒಮ್ಮೆ ಇವತ್ತು ಮಳೆ ಬರುತ್ತೆ ಅಂದದ್ದಕ್ಕೂ ಹಾಗೇ ಕೇಳಿದರು. ಮಧುಗಿರಿಯಲ್ಲಿ ಮಳೆಯನ್ನು ಅಂದುಕೊಳ್ಳದೆ ಇನ್ನೇನು ಮಾಡಲು ಸಾಧ್ಯ ಎಂದೆ. ಅವರು ಆಕಾಶ ನೋಡಿ ಒಂದು ಚಿಟಿಕೆ ನಶ್ಯ ಏರಿಸಿದರು.

ಕಥೆ ಶುರುವಾದದ್ದು ಮೂರನೇ ನಂಬರಿನಿಂದ. ನಾಲ್ಕು ಬಂದೂಕುಗಳಲ್ಲಿ ಮೂರನೆಯದು ಅವರ ಕಣ್ಮಣಿ. ಅದನ್ನು ಹಿಡಿಯುತ್ತಿದ್ದವಳು ವಳ್ಳೂರಿನ ಒಬ್ಬ ಹುಡುಗಿ, ಕೊನೇ ವರ್ಷದ ಬಿ.ಎ. ಅವಳ ಊರಿನ ಹೊಲಗಳಲ್ಲೆಲ್ಲ ಈಗ ಸೋಲಾರ್ ಗಾಜು ನೆಟ್ಟಿದ್ದಾರೆ. ಕಣ್ಣು ಕುಕ್ಕುವ ಆ ಬಿಸಿಲಲ್ಲಿ ಬೆಳೆದದ್ದಕ್ಕೇ ಅವಳ ಗುರಿ ಅಷ್ಟು ಚೂಪು ಎಂದು ಸುಬೇದಾರರ ಸಿದ್ಧಾಂತ. ಅವಳು ಹೊಡೆದ ಐದು ಗುಂಡುಗಳ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟರೆ ಎಲ್ಲ ತೂತೂ ಮುಚ್ಚಿಹೋಗುತ್ತಿದ್ದವು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವೇ ಗುಂಡುಗಳನ್ನು ಮುಚ್ಚಲು ಊಟದ ತಟ್ಟೆ ಬೇಕಾಯಿತು. ಶಿರಾದಲ್ಲಿ ನಡೆದ ಕಾಲೇಜುಗಳ ಸ್ಪರ್ಧೆಯಲ್ಲಿ ನಮ್ಮ ತಂಡ ಕೊನೆಯ ಸ್ಥಾನಕ್ಕೆ ಬಂತು. ನಮಗಿಂತ ಮುಂದಿದ್ದ ತಂಡದವರು ಬಂದೂಕು ಹಿಡಿಯಲು ಶುರು ಮಾಡಿ ಒಂದು ತಿಂಗಳಾಗಿತ್ತಂತೆ.

ಪ್ರಿನ್ಸಿಪಾಲರು ಸುಬೇದಾರರನ್ನೂ ನನ್ನನ್ನೂ ಕರೆಸಿದರು. ಬಂದೂಕುಗಳ ನಳಿಗೆ ಸವೆದುಹೋಗಿವೆ, ವಾಪಸ್ ತುಮಕೂರಿಗೆ ಕಳಿಸಿಬಿಡೋಣ, ಹೊಸದು ಕೊಟ್ಟಾಗ ನೋಡೋಣ, ಅಲ್ಲಿಯವರೆಗೆ ರೂಮು ಲೈಬ್ರರಿಗೆ ಇರಲಿ ಎಂದರು. ಹೊಸದು ಯಾವತ್ತೂ ಬರುವುದಿಲ್ಲವೆಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಸುಬೇದಾರರು ಅಟೆನ್ಷನ್‌ನಲ್ಲಿ ನಿಂತು, ನಳಿಗೆ ಸವೆದಿಲ್ಲ ಸಾರ್, ಕಾಯಿಲೆ ಬಿದ್ದಿದೆ, ಕೊರಟಗೆರೆಯಲ್ಲಿ ನಡೆಯುವ ಕೆಡೆಟ್‌ಗಳ ಕ್ಯಾಂಪಿನ ತನಕ ಟೈಮು ಕೊಡಿ, ಅಲ್ಲಿ ಗುರಿ ಸೇರದಿದ್ದರೆ ಬಂದೂಕಿನ ಜೊತೆ ನನ್ನನ್ನೂ ಕಳಿಸಿಬಿಡಿ ಎಂದರು. ಆಗಲಿ ಎಂದರು ಪ್ರಿನ್ಸಿಪಾಲರು. ನಾನು ಆ ಸಂಜೆಯೇ ಟೇಪು ಹಿಡಿದು ಗೋಡೆ ಅಳೆದೆ.

ಅಲ್ಲಿಂದ ಕಾಯಿಲೆ ಪತ್ತೆ ಮಾಡುವ ಕೆಲಸ ಶುರುವಾಯಿತು. ಗೋಡೆಯ ಈಚೆಗೆ ನನಗೆ ಎಲ್ಲ ಕೇಳುತ್ತಿತ್ತು. ಮೊದಲು ಹೊಡೆಯುವವರನ್ನು ಬದಲಿಸಿದರು, ಗುರಿ ಚದುರಿತು. ಬೇರೆ ಪೆಟ್ಟಿಗೆಯ ಗುಂಡು ಹಾಕಿದರು, ಚದುರಿತು. ಗುರಿ ನೋಡುವ ಪಟ್ಟಿಯ ಸ್ಕ್ರೂ ಬಿಗಿದರು, ಇನ್ನೂ ಚದುರಿತು. ಆಮೇಲೆ ನಳಿಗೆಗೆ ಬಂದರು. ಹೆಬ್ಬೆರಳು ಕೊಟ್ಟು ನೋಡಿದರೆ ಒಳಗಿನ ಗೀರುಗಳು ಮಂಜು ಕವಿದ ಹಾಗೆ ಮಸುಕು. ಚಿಂದಿ ಸಿಕ್ಕಿಸಿದ ಸಲಾಕೆಯನ್ನು ಗುಂಡು ತುಂಬುವ ಕಡೆಯಿಂದ ತಳ್ಳಿದರೆ ಮೊದಲ ಗೇಣಿನಲ್ಲೇ ಬಿಗಿಯಾಗಿ ಹಿಡಿಯುತ್ತದೆ. ಅಂದರೆ ಅಲ್ಲಿ ಮಸಿ ಕಟ್ಟಿದೆ. ಆದರೆ ಹೊರಗೆ ಬಂದ ಚಿಂದಿ ನೋಡಿದರೆ ಬೆಳ್ಳಗೆ, ಮದುವೆ ಪಂಚೆಯ ಹಾಗಿದೆ. ಅವರ ತಲೆ ಕೆಟ್ಟದ್ದು ಅಲ್ಲಿ. ಬಿಗಿಯುತ್ತದೆ, ಆದರೆ ಮಸಿ ಬಿಡುವುದಿಲ್ಲ. ಇಂಥ ಮಸಿಯನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲ ಎಂದು ಗೋಡೆಗೆ ಹಣೆ ಕೊಟ್ಟು ಹೇಳಿಕೊಳ್ಳುತ್ತಿದ್ದರು. ಗೋಡೆ ಎಂದರೆ ನಾನು.

ಅದೇ ದಿನಗಳಲ್ಲಿ ಇನ್ನೆರಡು ವಿಚಿತ್ರಗಳು ನಡೆದವು. ಒಂದು, ಬಂದೂಕಿನ ಬೀರುವಿಗೆ ಇರುವೆ ಮುತ್ತಿದವು. ಬಾಗಿಲ ಸಂದಿಯಿಂದ ಸಾಲು ಹೊರಟು ನೇರ ಮೂರನೇ ನಂಬರಿನ ಹೊಟ್ಟೆಗೆ. ಸುಬೇದಾರರು ಬೀರುವಿನ ಸುತ್ತ ಇರುವೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಶತ್ರುವನ್ನು ಗಡಿಯಲ್ಲೇ ತಡೆದೆ ಅಂದರು. ಇನ್ನೊಂದು, ಕ್ವಾರಿಯಲ್ಲಿ ಫೈರಿಂಗ್ ಇದ್ದ ದಿನ ನನಗೆ ತಡೆಯಲಾರದ ಹಸಿವು. ಗಾಳಿ ಈ ಕಡೆ ಬೀಸಿದರೆ ಬೋಂಡ ಕರಿದ ವಾಸನೆ. ಕ್ಯಾಂಟೀನಿನವನನ್ನು ಹೋಗಿ ಕೇಳಿದರೆ, ಇವತ್ತು ಉಪ್ಪಿಟ್ಟು ಬಿಟ್ಟರೆ ಏನೂ ಇಲ್ಲ ಮೇಡಂ ಎನ್ನುತ್ತಿದ್ದ. ಊರ ನಾಯಿಗಳು ಸಹ ಕ್ವಾರಿಯ ದಡದಲ್ಲಿ ಬಾಲ ಆಡಿಸುತ್ತ ಕೂರುತ್ತಿದ್ದವು. ಗುಂಡಿನ ಸದ್ದಿಗೆ ಓಡಿಹೋಗಬೇಕಾದ ನಾಯಿಗಳು ಹೀಗೆ ಕೂತದ್ದನ್ನು ಸುಬೇದಾರರು ಶಿಸ್ತು ಎಂದು ತಿಳಿದರು.

ಕಾಯಿಲೆ ಸಿಗದೆ ಅವರ ಸಿಟ್ಟು ವಳ್ಳೂರಿನ ಹುಡುಗಿಯ ಮೇಲೆ ತಿರುಗಿತು. ಫೈರಿಂಗ್ ಆದ ಮೇಲೆ ಮೂರನೇ ನಂಬರಿನ ನಳಿಗೆ ಒರೆಸುವುದು ಅವಳ ಪಾಳಿ. ನೀನು ಒರೆಸದೆ ಒರೆಸಿದೆ ಅಂದಿದ್ದೀಯ, ಅದಕ್ಕೇ ಮಸಿ ಕಲ್ಲಾಗಿದೆ ಎಂದರು. ಅವಳು ಒರೆಸಿದ್ದೇನೆ, ಎಣ್ಣೆಯನ್ನೂ ಹಾಕಿದ್ದೇನೆ ಸಾರ್ ಎಂದಳು. ಎದುರು ಮಾತಾಡಿದ್ದಕ್ಕೆ ಪಿಟ್ಟು ಕೊಟ್ಟರು. ಪಿಟ್ಟು ಅಂದರೆ ಬಂದೂಕನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಮೈದಾನ ಸುತ್ತು ಹಾಕುವ ಮಿಲಿಟರಿ ಶಿಕ್ಷೆ. ನಡು ಮಧ್ಯಾಹ್ನದ ಬಿಸಿಲು. ಇಡೀ ಕಾಲೇಜು ಕಿಟಕಿಗಳಲ್ಲಿ ನಿಂತು ನೋಡಿತು. ಅವಳು ಸುತ್ತು ಮುಗಿಸಿ, ಬಂದೂಕು ಒಪ್ಪಿಸಿ, ಲೈಬ್ರರಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಅಳಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಆ ಸಂಜೆ ಫ್ಲಾಸ್ಕ್ ಬಂತು, ನಾನು ಕಾಫಿ ಕುಡಿಯಲಿಲ್ಲ. ಹುಡುಗಿಯ ಬಳಿಗೂ ಹೋಗಿದ್ದರಂತೆ, ಅವಳೂ ಕುಡಿಯಲಿಲ್ಲ. ಸಂಜೆಯೊಳಗೆ ಒರೆಸಲಾಗದ ಜಗಳ ಅವರ ಜೀವನದಲ್ಲಿ ಅದೇ ಮೊದಲಿರಬೇಕು. ಮಾರನೆಯ ದಿನ ಮೀಸೆ ತಿದ್ದಿಕೊಳ್ಳದೆ ಬಂದಿದ್ದರು.

ಇಲ್ಲಿ ಅವರ ಹೆಂಡತಿಯನ್ನು ಕರೆತರಬೇಕು. ಆಕೆ ಬಡವನಹಳ್ಳಿ ಕಡೆಯವರು, ತವರಿನಿಂದ ಬಂದ ಹೊಲದಲ್ಲಿ ಕಡ್ಲೆಕಾಯಿ ಬೆಳೆಸಿ, ಮರದ ಗಾಣದಲ್ಲಿ ಎದುರಿಗೇ ನಿಂತು ಎಣ್ಣೆ ತೆಗೆಸುವವರು. ಕಡ್ಲೆಕಾಯಿ ಎಣ್ಣೆಯ ಮೇಲೆ ಆಕೆಗಿದ್ದ ನಂಬಿಕೆ ದೇವರ ಮೇಲೂ ಇತ್ತೋ ಇಲ್ಲವೋ. ತಲೆಗೆ ಅದೇ, ಮಂಡಿನೋವಿಗೆ ಅದೇ, ಬಾಗಿಲ ತಿರುಗಣಿ ಕಿರ್ರ್ ಅಂದರೆ ಅದೇ, ಹೊಲಿಗೆ ಮಿಷಿನ್ನಿಗೂ ಅದೇ. ಸುಬೇದಾರರ ಊಟದ ಕ್ಯಾರಿಯರ್ ತೆಗೆದರೆ ನನ್ನ ರೂಮಿನ ತನಕ ಒಗ್ಗರಣೆಯ ಘಮ ಬರುತ್ತಿತ್ತು.

ಒಂದು ಭಾನುವಾರ ಆಕೆ ಹೊಸ ಎಣ್ಣೆ ತಂದಿದ್ದೇವೆ, ಒಂದು ಬಾಟಲಿ ತಗೊಂಡು ಹೋಗಿ ಎಂದು ಹೇಳಿಕಳಿಸಿದರು. ಸುಬೇದಾರರ ಮೇಲೆ ಕೋಪವಿದ್ದರೂ ಎಣ್ಣೆಯ ಮೇಲೆ ಇರಲಿಲ್ಲವಾದ್ದರಿಂದ ಹೋದೆ. ಕೋಟೆಯ ಬೆಟ್ಟದ ಕೆಳಗಿನ ಬೀದಿಯಲ್ಲಿ ಅವರ ಮನೆ. ಸುಬೇದಾರರು ಜಗಲಿಯ ಮೇಲೆ ಚಾಪೆ ಹಾಸಿಕೊಂಡು, ಸಲಾಕೆಯ ತುದಿಗೆ ಕಟ್ಟುವ ಹಿತ್ತಾಳೆ ಬ್ರಷ್ ತಿಕ್ಕುತ್ತ ಕೂತಿದ್ದರು. ಕ್ಯಾಂಪಿಗೆ ದಿನ ಹತ್ತಿರ ಬಂದಿತ್ತು. ಹಿಂದಿನ ದಿನ ಇದೇ ಬ್ರಷ್ಷಿನಿಂದ ಮೂರನೇ ನಂಬರನ್ನು ಜೋರಾಗಿ ಉಜ್ಜಿದ್ದಕ್ಕೆ ಒಂದಷ್ಟು ಚಕ್ಕೆ ಉದುರಿತ್ತಂತೆ. ಅದನ್ನು ಚಿಂದಿಯಲ್ಲಿ ಕಟ್ಟಿ ತಂದಿದ್ದರು. ಬಿಚ್ಚಿ ತೋರಿಸಿದರು. ಮಸಿ ಅಂದರೆ ಕಪ್ಪಗಿರಬೇಕು. ಇದು ಜೇನಿನ ಕಂದು ಬಣ್ಣಕ್ಕೆ, ತೆಳ್ಳಗೆ, ಹೊಳೆಯುತ್ತಿತ್ತು.

ಆಕೆ ಒಳಗೆ ದೋಸೆ ಕಾವಲಿಯನ್ನು ಮಗುಚಿಹಾಕಿಕೊಂಡು ಕೆರೆಯುತ್ತಿದ್ದರು. ಅಂಚಿನಲ್ಲಿ ಎಷ್ಟೋ ಕಾಲದಿಂದ ಕಾಯಿಸಿದ ಎಣ್ಣೆ ಗಟ್ಟಿಯಾಗಿ ಅಂಟಿತ್ತು. ಹೊಸ ಕಾವಲಿ ತಂದಾಗ ಎಣ್ಣೆ ಸವರಿ, ಕಾಯಿಸಿ, ಮತ್ತೆ ಸವರಿ, ಮತ್ತೆ ಕಾಯಿಸಿ ಪಳಗಿಸುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ಹಾಗೆ ಕಟ್ಟಿದ ಪದರ ಉಜ್ಜಿದರೆ ಬಟ್ಟೆಗೆ ಹತ್ತುವುದಿಲ್ಲ, ಕೆರೆದರೆ ಚಕ್ಕೆಯಾಗಿ ಹಾರುತ್ತದೆ. ಒಂದು ಚಕ್ಕೆ ಹಾರಿ ಜಗಲಿಗೆ ಬಂದು ಸುಬೇದಾರರ ಚಾಪೆಯ ಮೇಲೆ ಬಿತ್ತು. ಅವರು ಅದನ್ನು ಎತ್ತಿಕೊಂಡರು. ಬಲ ಅಂಗೈಯಲ್ಲಿ ಕಾವಲಿಯ ಚಕ್ಕೆ, ಎಡ ಅಂಗೈಯಲ್ಲಿ ಬಂದೂಕಿನ ಚಕ್ಕೆ. ಬಿಸಿಲಿಗೆ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೂಲೆಯಲ್ಲಿದ್ದ ಉದ್ದ ಮೂತಿಯ ಹಸಿರು ಎಣ್ಣೆ ಡಬ್ಬಿಯನ್ನು ನನ್ನ ಮುಂದೆ ಹಿಡಿದರು. ಬಂದೂಕಿಗೆ ಹಾಕುವ ಎಣ್ಣೆಯ ಡಬ್ಬಿ ಅದು. ಕಾಲೇಜಿನಲ್ಲಿಟ್ಟರೆ ಹುಡುಗರು ಸೈಕಲ್ ಚೈನಿಗೆ ಹಾಕಿಕೊಳ್ಳುತ್ತಾರೆಂದು ದಿನಾ ಮನೆಗೆ ತರುತ್ತಿದ್ದರು.

'ಮೂಸಿ ಮೇಡಮ್ಮೋರೆ. ಕಂಡಿದ್ದು ಹೇಳಿ.'

ಮೂಸಿದೆ. ಗಾಣದಿಂದ ಈಗ ತಾನೇ ಇಳಿಸಿದ ಹಾಗಿತ್ತು. ನನಗೆ ಬೋಂಡ, ಇರುವೆ, ನಾಯಿಗಳು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಕಡ್ಲೆಕಾಯಿ ಎಣ್ಣೆ ಸುಬೇದಾರ್ರೇ ಎಂದೆ.

ಸಿಟ್ಟು ಬಂದರೆ ಅವರ ಬಾಯಿಗೆ ಪಾವಗಡದ ತೆಲುಗು ಬರುತ್ತಿತ್ತು. 'ಏಂ ಪನಿ ಚೇಸ್ತಿವೇ ನುವ್ವು', ಎಂಥ ಕೆಲಸ ಮಾಡಿದೆಯೇ ನೀನು, ಎಂದು ಒಳಕ್ಕೆ ಕೂಗಿದರು. ಆಕೆ ಕಾವಲಿ ಕೆಳಗಿಡದೆಯೇ ಬಾಗಿಲಿಗೆ ಬಂದರು. ಕನ್ನಡದಲ್ಲೇ ಬೈಯಿರಿ, ಮೇಡಮ್ಮೋರಿಗೂ ತಿಳಿಯಲಿ ಎಂದರು. ನಡೆದದ್ದು ಇಷ್ಟು. ಮಳೆಗಾಲದಲ್ಲಿ ಎಣ್ಣೆ ಮುಗಿದಿತ್ತು, ತುಮಕೂರಿನಿಂದ ಬರುವುದು ತಡವಾಗಿತ್ತು. ಗಂಡ ಖಾಲಿ ಡಬ್ಬಿಯನ್ನು ಅಲ್ಲಾಡಿಸಿ ನಿಟ್ಟುಸಿರು ಬಿಡುವುದನ್ನು ನೋಡಲಾರದೆ ಆಕೆ ತುಂಬಿಸಿಟ್ಟಿದ್ದರು. ಅದೂ ಅಂಗಡಿಯದಲ್ಲ, ಮೊದಲ ಗಾಣದ್ದು.

'ಎಣ್ಣೆ ತುಂಬ್ಸಿವ್ನಿ ಅಂತ ಅವತ್ತೇ ಹೇಳ್ಲಿಲ್ವ ನಾನು? ಹೂಂ ಅಂದ್ರಿ. ಯಾವೆಣ್ಣೆ ಅಂತ ಕೇಳಿದ್ರೆ ಹೇಳ್ತಿದ್ದೆ.'

ಸುಬೇದಾರರು ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟರು. ಕಾಲೇಜಿನಿಂದ ಯಾರೋ ಎಣ್ಣೆ ತಂದು ಕೊಟ್ಟಿರಬೇಕು ಎಂದು ಅವರು ಅಂದುಕೊಂಡಿದ್ದರು. ಸತ್ತ ಮೂಗಿನವರಿಗೆ ಅಂದುಕೊಳ್ಳುವುದಲ್ಲದೆ ಬೇರೆ ದಾರಿಯೂ ಇರಲಿಲ್ಲ. ಘಮವೆಲ್ಲ ಸುಬೇದಾರರ ಕ್ಯಾರಿಯರಿನದೆಂದುಕೊಂಡು ವಳ್ಳೂರಿನ ಹುಡುಗಿ ಪ್ರತಿ ಸಲವೂ ಶ್ರದ್ಧೆಯಿಂದ ಒರೆಸಿ, ಶ್ರದ್ಧೆಯಿಂದ ಆ ಎಣ್ಣೆ ಸವರಿದ್ದಳು. ಮಾರನೆಯ ದಿನ ಗುಂಡು ಹಾರಿದಾಗ ಅದು ಸುಟ್ಟು ಮಸಿಯ ಜೊತೆ ಬೆರೆತು ಪದರ ಕಟ್ಟಿತ್ತು. ಮಿಕ್ಕ ಮೂರು ಬಂದೂಕುಗಳಿಗೆ ಅಷ್ಟು ಶ್ರದ್ಧೆಯ ಕೈ ಸಿಕ್ಕಿರಲಿಲ್ಲ, ಅದಕ್ಕೇ ಅವು ಕಡಿಮೆ ಕೆಟ್ಟಿದ್ದವು. ಒಟ್ಟಿನಲ್ಲಿ ಮೂರನೇ ನಂಬರನ್ನು ಮಧುಗಿರಿಯವರು ದೋಸೆ ಕಾವಲಿಯ ಹಾಗೆ ಪಳಗಿಸಿದ್ದರು.

ನನಗೆ ನಗು ತಡೆಯಲಾಗಲಿಲ್ಲ. ಆಕೆಯೂ ನಕ್ಕರು. ಸುಬೇದಾರರು ನಗಲಿಲ್ಲ. ನಾನು ಸಮಾಧಾನಕ್ಕೆಂದು, ಕಾಯಿಲೆ ಸಿಕ್ಕಿತಲ್ಲ, ಸುಮ್ಮನೆ ತೊಳೆದುಬಿಡಿ, ಯಾರಿಗೂ ಹೇಳಬೇಡಿ, ಪ್ರಿನ್ಸಿಪಾಲರಿಗೆ ಗೊತ್ತಾದರೆ ಬಂದೂಕಿಗೆ ಅಡುಗೆ ಎಣ್ಣೆ ಹಾಕಿದ್ದಕ್ಕೆ ಅವತ್ತೇ ಮನೆಗೆ ಕಳಿಸುತ್ತಾರೆ ಎಂದೆ. ಅವರು ಎರಡೂ ಚಕ್ಕೆಗಳನ್ನು ಚಿಂದಿಯಲ್ಲಿ ಕಟ್ಟಿದರು.

'ಆ ಮಗೀನ ಓಡ್ಸಿದ್ದು ಎಲ್ಲಾರ ಮುಂದೆ ಮೇಡಮ್ಮೋರೆ. ಒರ್ಸೋದು ಕದ್ದು ಒರ್ಸಾಕಾಯ್ತದಾ?'

ಸೋಮವಾರ ಬೆಳಿಗ್ಗೆ ಕೆಡೆಟ್‌ಗಳೆಲ್ಲ ಸಾಲು ನಿಂತಿದ್ದರು. ಸುಬೇದಾರರು ಇಸ್ತ್ರಿ ಮಾಡಿದ ಹಳೇ ಖಾಕಿಯಲ್ಲಿ ಬಂದು, ಹುಡುಗಿಯನ್ನು ಮುಂದೆ ಕರೆದು, ಮೂರನೇ ನಂಬರಿನ ಮಸಿ ಇವಳ ಕೈಯದಲ್ಲ, ನಮ್ಮ ಮನೆ ಎಣ್ಣೆಯದು, ನಾನು ಯಾವೆಣ್ಣೆ ಅಂತ ನೋಡಲಿಲ್ಲ, ಅಂದುಕೊಂಡೆ ಎಂದು ಗಟ್ಟಿಯಾಗಿ ಹೇಳಿದರು. ಹಾಗೆ ಹೇಳಿ ಬಂದೂಕನ್ನು ತಲೆಯ ಮೇಲೆ ಎತ್ತಿ ಹಿಡಿದು ಮೈದಾನಕ್ಕೆ ಇಳಿದರು. ಅರವತ್ತು ದಾಟಿದ ದೇಹ, ಕೆಟ್ಟ ಮಂಡಿ. ಓಟವೂ ಅಲ್ಲ ನಡಿಗೆಯೂ ಅಲ್ಲದ ಒಂದು ಕುಂಟು. ಹುಡುಗಿ 'ಸಾರ್ ಬುಡಿ ಸಾರ್' ಎಂದು ಹಿಂದೆ ಓಡಿದಳು. ಅವಳ ಹಿಂದೆ ಉಳಿದ ಕೆಡೆಟ್‌ಗಳೂ ಓಡಿದರು. ಮಹಡಿಯ ಮೇಲಿನಿಂದ ನೋಡಿದ ಪ್ರಿನ್ಸಿಪಾಲರು, ಏನೋ ಹೊಸ ಕವಾಯತು ಎಂದುಕೊಂಡು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಗೇಟಿನಿಂದ ಆಕೆ ಬಂದರು. ಗಂಡ ತಿಂಡಿ ತಿನ್ನದೆ ಹೋದರೆಂದು ಕ್ಯಾರಿಯರ್ ಹಿಡಿದು ಬಂದಿದ್ದರು. ಮೈದಾನದ ಅಂಚಿನಲ್ಲಿ ನಿಂತು, ಎಣ್ಣೆ ಹಾಕಿದವಳು ನಾನು, ನೀವ್ಯಾಕೆ ಓಡುತ್ತಿದ್ದೀರಿ ಎಂದು ಕೇಳಿದರು. ಕಮಾಂಡರ್ ನಾನಲ್ಲವೇ ಎಂದರು ಇವರು, ಏದುಸಿರಿನಲ್ಲಿ.

'ಅಂಗಾರೆ ಓಡಿ' ಎಂದು ಹೇಳಿ ಆಕೆ ಬೇವಿನ ಮರದ ಕೆಳಗೆ ಕೂತು, ಅವರು ಮುಗಿಸುವ ತನಕ ಕಾದರು. ಆಮೇಲೆ ಕ್ಯಾರಿಯರ್ ಬಿಚ್ಚಿ ಬಡಿಸಿದರು. ನನ್ನದು ತಪ್ಪಾಯಿತು ಎಂಬ ಮಾತು ಮಾತ್ರ ಆಕೆಯ ಬಾಯಿಂದ ಬರಲಿಲ್ಲ. ಒಳ್ಳೆ ಎಣ್ಣೆ ಹಾಕಿದ್ದು ತಪ್ಪು ಹೇಗಾಗುತ್ತದೆ ಎಂಬುದು ಆಕೆಯ ಪ್ರಶ್ನೆ.

ಪ್ರಿನ್ಸಿಪಾಲರಿಗೆ ವಿಷಯ ಹೇಳಿದವರೂ ಸುಬೇದಾರರೇ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿಕೊಂಡು, ನಳಿಗೆ ಸವೆದಿಲ್ಲ ಅನ್ನುವುದಾದರೆ ಕ್ಯಾಂಪು ಮುಗಿಯಲಿ, ನೋಡೋಣ ಎಂದರು. ಸುಬೇದಾರರು ಮಸಿ ಬಿಡಿಸುವ ದ್ರವವನ್ನು ಬೆಂಗಳೂರಿನಿಂದ ತರಿಸಿದರು. ನಳಿಗೆಯ ಒಂದು ತುದಿಗೆ ಬಿರಡೆ ಹಾಕಿ, ದ್ರವ ತುಂಬಿ ನೆನೆಹಾಕಿ, ಆಮೇಲೆ ಗುಂಡು ಹೋಗುವ ದಿಕ್ಕಿನಲ್ಲೇ ಬ್ರಷ್ ತಳ್ಳಿ, ಚಿಂದಿ ತಳ್ಳಿ, ಮತ್ತೆ ನೆನೆಹಾಕಿ. ಮೊದಲು ಜೇನಿನ ಬಣ್ಣ ಬಂತು, ಆಮೇಲೆ ಕಾಫಿ ಬಣ್ಣ, ಕೊನೆಗೆ ಅಡಿಯಲ್ಲಿ ಸಿಕ್ಕಿಕೊಂಡಿದ್ದ ನಿಜವಾದ ಕಪ್ಪು ಮಸಿ. ಹುಡುಗಿಯೂ ಪಕ್ಕದಲ್ಲಿ ಕೂತು ಉಜ್ಜಿದಳು. ಚಿಂದಿ ಮುಗಿದಾಗ ನನ್ನ ಪರದೆಯಲ್ಲಿ ಉಳಿದಿದ್ದ ಮೇಲಿನ ಅರ್ಧವನ್ನು ನಾನೇ ಬಿಚ್ಚಿ ಕೊಟ್ಟೆ. ರೂಮು ಕೈತಪ್ಪುತ್ತದೆಂದು ಗೊತ್ತಿದ್ದೂ ಕೊಟ್ಟೆ, ಅವತ್ತು ನನಗೆ ಆ ಬಂದೂಕುಗಳು ಉಳಿಯಬೇಕೆಂದು ಆಸೆಯಾಗಿತ್ತು. ಒಂದು ಸಂಜೆ ನನ್ನನ್ನು ಕರೆದು, ಹೆಬ್ಬೆರಳು ಕೊಟ್ಟು, ನೋಡಿ ಎಂದರು. ಬೆಳ್ಳಿ ಸುರುಳಿ ಕೊನೆಯ ತನಕ ಹೊಳೆಯುತ್ತಿತ್ತು. ಆ ದಿನ ಬಂದ ಫ್ಲಾಸ್ಕನ್ನು ನಾನೂ ಹುಡುಗಿಯೂ ಖಾಲಿ ಮಾಡಿದೆವು.

ಕೊರಟಗೆರೆಯ ಕ್ಯಾಂಪಿನಲ್ಲಿ ಅವಳು ಹೊಡೆದ ಗುರಿಕಾಗದವನ್ನು ಸುಬೇದಾರರು ತಂದು ಲೈಬ್ರರಿಯ ಬಾಗಿಲಿಗೆ ಅಂಟಿಸಿದರು. ಐದೂ ತೂತಿನ ಮೇಲೆ ನಾಣ್ಯ ಇಟ್ಟು ತೋರಿಸಿದರು. ಬಂದೂಕುಗಳು ಉಳಿದವು, ಅವರೂ ಉಳಿದರು, ಗೋಡೆಯೂ ಉಳಿಯಿತು. ನನ್ನ ಪುಸ್ತಕಗಳು ಇವತ್ತಿಗೂ ವರಾಂಡದಲ್ಲೇ ಇವೆ.

ಲೋಕದ ಜಗಳವನ್ನೆಲ್ಲ ಸಂಜೆಯೊಳಗೆ ಒರೆಸುತ್ತಿದ್ದ ಮನುಷ್ಯನಿಗೆ ಹೆಂಡತಿಯ ಜೊತೆಗಿನ ಈ ಒಂದನ್ನು ಮಾತ್ರ ಕೊನೆಯ ತನಕ ಒರೆಸಲಾಗಲಿಲ್ಲ. ಆಕೆ ಒಂದು ಸಲ ತಪ್ಪಾಯಿತು ಅನ್ನಲಿ ಎಂಬುದು ಅವರ ಆಸೆ. ಪ್ರತಿ ದಿನ ಕ್ಯಾರಿಯರ್ ಕೈಗೆ ತೆಗೆದುಕೊಳ್ಳುವಾಗ ಇದು ಯಾವೆಣ್ಣೆಯದು ಎಂದು ಕೇಳುತ್ತಿದ್ದರು. ಬಂದೂಕಿಂದು ಎಂದು ಆಕೆ ಹೇಳುತ್ತಿದ್ದರು. ವರ್ಷಗಟ್ಟಲೆ ನಡೆಯಿತು ಇದು. ಅವರು ಹಾಸಿಗೆ ಹಿಡಿದ ಮೇಲೂ ಗಂಜಿಯ ಲೋಟ ಬಾಯಿಗಿಟ್ಟಾಗ ಕೇಳಿದರಂತೆ. ಆಕೆಯೂ ಅದೇ ಉತ್ತರ ಕೊಟ್ಟರಂತೆ.

ಹನ್ನೊಂದನೇ ದಿನದ ತಿಥಿಗೆ ಹೋಗಿದ್ದೆ. ಫೋಟೋದ ಮುಂದೆ ಬಾಳೆಲೆಯಲ್ಲಿ ಎಡೆ ಇಟ್ಟಿದ್ದರು. ಅವರು ಇಷ್ಟಪಡುತ್ತಿದ್ದ ವಡೆ, ಹೋಳಿಗೆ, ಎಲೆಯ ತುದಿಯಲ್ಲಿ ನಶ್ಯದ ಡಬ್ಬಿ. ಅದರ ಪಕ್ಕದಲ್ಲಿ ಉದ್ದ ಮೂತಿಯ ಹಸಿರು ಡಬ್ಬಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ನಿಂತಿತ್ತು. ಕ್ಯಾತಗಾನಚೆರ್ಲಿನಿಂದ ಬಂದಿದ್ದ ಅವರ ತಮ್ಮ ಕರ್ಪೂರ ಹಿಡಿದು ಹಚ್ಚಲು ಕಾಯುತ್ತಿದ್ದರು. ಆ ಡಬ್ಬಿ ನೋಡಿ ನನಗೆ ಅಂಥ ಜಾಗದಲ್ಲೂ ನಗು ಬಂತು. ಸತ್ತ ಮೇಲೂ ಬಿಡಲಿಲ್ಲವಲ್ಲ ಈಕೆ ಅಂದುಕೊಂಡೆ. ಆಕೆ ನನ್ನ ನಗುವನ್ನು ಕಂಡರು. ಮೈದುನನಿಗೆ ಸ್ವಲ್ಪ ತಾಳಪ್ಪ ಎಂದು ಸನ್ನೆ ಮಾಡಿ, ಡಬ್ಬಿ ಎತ್ತಿ ನನ್ನ ಮುಖದ ಹತ್ತಿರ ತಂದರು.

'ಮೂಸಿ ನೋಡಮ್ಮ.'

ಮೂಸಿದೆ. ಮೂಗು ಸುಡುವ ಮಿಷಿನ್ ಎಣ್ಣೆಯ ಘಾಟು. ಈಗ ಪೊಲೀಸ್ ಕೆಲಸದಲ್ಲಿರುವ ವಳ್ಳೂರಿನ ಹುಡುಗಿಗೆ ಹೇಳಿ, ತುಮಕೂರಿನಿಂದ ತರಿಸಿದ್ದರಂತೆ.

'ಅವ್ರಿಗೆ ವಾಸ್ನೆ ಎಲ್ಲಿ ಗೊತ್ತಾಯ್ತದೆ. ನೀನು ಹೇಳು ಕಣಮ್ಮ, ಬಂದೂಕಿಂದು ಇದೇ ತಾನೆ?'

ಇದೇ ಎಂದೆ. ಆಕೆ ಡಬ್ಬಿಯನ್ನು ಎಲೆಯ ಪಕ್ಕಕ್ಕೆ ಇಟ್ಟು, ಅದರ ಮೂತಿಯಲ್ಲಿ ನಿಂತಿದ್ದ ಹನಿಯನ್ನು ಸೆರಗಿನಿಂದ ಒರೆಸಿ, ಈಗ ಹಚ್ಚಪ್ಪ ಎಂದು ಮೈದುನನಿಗೆ ಹೇಳಿದರು.